ಉಡುಪಿಯಿಂದ ವೇಣೂರಿಗೆ 76 ಕಿ.ಮೀ. ಸಹಾಯಾರ್ಥ ನಡಿಗೆ: ಸಮಯ, ನೀರು, ಪಾದದ ಆರೈಕೆ ಹೇಗೆ?

ಪಡುಗಾಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ಶನಿವಾರ-ಭಾನುವಾರಕ್ಕೆ ಉಡುಪಿಯಿಂದ ವೇಣೂರಿಗೆ ಒಂದು ನಡಿಗೆ ಇಟ್ಟುಕೊಳ್ಳುವ ಅಂತ ಉಂಟು. ಡಯಾಲಿಸಿಸ್‌ಗೆ ವಾರಕ್ಕೆ ಎರಡು-ಮೂರು ಸಲ ಹಳ್ಳಿಯಿಂದ ಆಸ್ಪತ್ರೆಗೆ ಹೋಗಿಬರುವವರ ವಾಹನ ಖರ್ಚಿಗೆ ನಿಧಿ ಮಾಡುವುದು ಉದ್ದೇಶ. ಚಿಕಿತ್ಸೆ ಉಚಿತವಾಗಿ ಸಿಕ್ಕಿದರೂ ರಿಕ್ಷಾ ಬಾಡಿಗೆ ಕೊಟ್ಟೇ ಮನೆಯವರು ಸೋತುಹೋಗುತ್ತಾರೆ. ಹಣವೆಲ್ಲ ಒಂದು ನೋಂದಾಯಿತ ಟ್ರಸ್ಟಿಗೆ ಹೋಗುತ್ತದೆ.

ದಾರಿ ಹೀಗೆ: ಉಡುಪಿ, ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು, ಕಾರ್ಕಳ, ಸುಮಾರು 38 ಕಿ.ಮೀ. ಅಲ್ಲಿಂದ ಸಾಣೂರು, ಬೆಳುವಾಯಿ ಆಗಿ ಮೂಡುಬಿದಿರೆ 18. ಮತ್ತೆ ವೇಣೂರು 20. ಕಾರ್ಕಳದ 1432ರ ಬಾಹುಬಲಿಯಿಂದ ವೇಣೂರಿನ 1604ರ ಬಾಹುಬಲಿಯವರೆಗೆ ಅಂತ ಹೇಳಿದರೆ ಜನರ ಮನಸ್ಸಿಗೂ ಹಿಡಿಸುತ್ತದೆ.

ನಡೆಯುವವರು 40 ಮಂದಿ. ಹೆಚ್ಚಿನವರು ಬೆಳಿಗ್ಗೆ 6-8 ಕಿ.ಮೀ. ನಡೆದು ಅಭ್ಯಾಸ ಇರುವವರು. ಶನಿವಾರ ಬೆಳಿಗ್ಗೆ 6 ಗಂಟೆಗೆ ಚೆಂಡೆ ಬಾರಿಸಿ ಹೊರಡುವುದು, 24 ಗಂಟೆಯಲ್ಲಿ ಮುಗಿಸುವುದು, ಹಿಂದೆ ಒಂದು ಓಮ್ನಿ, ಪ್ರವೇಶ ಶುಲ್ಕ 500 ರೂ. ಇದು ಈಗಿನ ಲೆಕ್ಕ. ಈಗ ಅಕ್ಟೋಬರ್, ಕೈಯಲ್ಲಿ 12 ವಾರ ಉಂಟು. ಎಲ್ಲಿ ತಪ್ಪುತ್ತಿದ್ದೇವೆ, ಬಿಡಿಸಿ ಹೇಳಿ.

ಮುರಕಲ್ಲು ಉತ್ತರ:

ಉದ್ದೇಶ ಒಳ್ಳೆಯದುಂಟು, ದಾರಿಯೂ ಒಳ್ಳೆಯದೇ. ತಪ್ಪಿರುವುದು ಗಡಿಯಾರದಲ್ಲಿ.

6 ಗಂಟೆಗೆ ಹೊರಟರೆ ಹಿರಿಯಡ್ಕಕ್ಕೆ ಒಂಬತ್ತೂವರೆ. ಬೈಲೂರು ದಾಟುವಾಗ ಮಧ್ಯಾಹ್ನ ಹನ್ನೆರಡೂವರೆ, ಕಾರ್ಕಳ ಮುಟ್ಟುವಾಗ ಮೂರು. ಅಂದರೆ ಮೊದಲ ದಿನದ ಅತಿ ಉದ್ದದ ತುಂಡನ್ನು ನೀವು ನೆತ್ತಿ ಮೇಲಿನ ಬಿಸಿಲಿಗೇ ಇಟ್ಟಿದ್ದೀರಿ. ಜನವರಿ ಅಂದರೂ ಕರಾವಳಿಯಲ್ಲಿ ಮಧ್ಯಾಹ್ನ 32-33 ಡಿಗ್ರಿ ಮುಟ್ಟುತ್ತದೆ. ಅದರ ಮೇಲೆ ಈ ಸೆಕೆಗೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಘಟ್ಟದ ಮೇಲಿನವರ ನಡಿಗೆಯ ಲೆಕ್ಕ ಇಲ್ಲಿಗೆ ಹೊಂದದಿರುವುದು ಇದೇ ಕಾರಣಕ್ಕೆ.

ಬದಲಿಗೆ ಹೀಗೆ ಮಾಡಿ ನೋಡಿ. ಶುಕ್ರವಾರ ರಾತ್ರಿ ಬೇಗ ಮಲಗಿ, ಶನಿವಾರ ಬೆಳಗಿನ ಜಾವ 2.30ಕ್ಕೆ ಹೊರಡಿ. ಮಣಿಪಾಲದ ಏರು ತಂಪಿನಲ್ಲೇ ಮುಗಿಯುತ್ತದೆ. ಹಿರಿಯಡ್ಕದಲ್ಲಿ ಆರು ಗಂಟೆಯ ಹೊತ್ತಿಗೆ ತಿಂಡಿ, 20 ನಿಮಿಷ, ಹೆಚ್ಚು ಬೇಡ. ಕುಳಿತರೆ ಸ್ನಾಯು ಬಿಗಿಯುತ್ತದೆ. ಕಾರ್ಕಳಕ್ಕೆ 11-11.30. ಅಲ್ಲಿ ಊಟ, ನಿದ್ದೆ, ಮೂರೂಕಾಲರ ತನಕ ಯಾರೂ ಹೊರಗೆ ಕಾಲಿಡಬಾರದು. ಸಂಜೆ ಮೂಡುಬಿದಿರೆಗೆ 18 ಕಿ.ಮೀ., ಎಂಟು ಗಂಟೆಗೆ ತಲುಪಿ ಅಲ್ಲೇ ಮಲಗಿ. ಭಾನುವಾರ ಬೆಳಿಗ್ಗೆ 5ಕ್ಕೆ ಎದ್ದು ಹೊರಟರೆ 10.30ಕ್ಕೆ ವೇಣೂರು. ಒಟ್ಟು 32 ಗಂಟೆ. ನಿಧಾನದವರಿಗೆ ಇನ್ನೊಂದು ಗಂಟೆ ಸೇರಿಸಿ 33 ಅಂತ ಪ್ರಕಟಿಸಿ. 24 ಗಂಟೆಯ ಹಠ ಬಿಡಿ. ಆ ಹಠಕ್ಕೆ ಬಿದ್ದರೆ ಮೂಡುಬಿದಿರೆ-ವೇಣೂರಿನ ತಿರುವಿನ ರಸ್ತೆಯಲ್ಲಿ, ಹೆಜ್ಜೆ ತಪ್ಪುವಷ್ಟು ಸೋತ ಕಾಲಿನಲ್ಲಿ, ನಡುರಾತ್ರಿ ನಡೆಯಬೇಕಾಗುತ್ತದೆ. ದಾನ ಕೊಡುವವರು ಯಾರೂ ಗಂಟೆ ಲೆಕ್ಕ ಹಾಕಿ ಕೊಡುವುದಿಲ್ಲ.

ವೇಗದ ಲೆಕ್ಕಕ್ಕೆ ಒಂದು ಮಾತು: ಬೆಳಗಿನ ವಾಕಿಂಗ್‌ನಲ್ಲಿ ಗಂಟೆಗೆ 6 ಕಿ.ಮೀ. ಹೋಗುವವರು ಕೂಡ 40 ಕಿ.ಮೀ. ಆದ ಮೇಲೆ 4ಕ್ಕೆ ಇಳಿಯುತ್ತಾರೆ. ಅದಕ್ಕೇ ಕಾರ್ಕಳದವರೆಗೆ ಗಂಟೆಗೆ 5, ಮೂಡುಬಿದಿರೆವರೆಗೆ 4.3, ಕೊನೆಗೆ 4 ಅಂತ ಹಿಡಿಯಿರಿ. ಕಾರ್ಕಳಕ್ಕೆ 12.30 ಮೀರಿದವರು, ಮೂಡುಬಿದಿರೆಗೆ 9.30 ಮೀರಿದವರು ವಾಹನ ಹತ್ತಬೇಕು. ಈ ನಿಯಮವನ್ನು ಹೆಸರು ಬರೆಸಿಕೊಳ್ಳುವಾಗಲೇ ಹೇಳಿ, ಸಹಿ ಹಾಕಿಸಿ. ದಾರಿಯಲ್ಲಿ ಹೇಳಿದರೆ ಜಗಳ ಆಗುತ್ತದೆ.

ರಸ್ತೆ. ಎದುರಿಂದ ಬರುವ ವಾಹನ ಕಾಣುವ ಹಾಗೆ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ಆದರೆ ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಬಲಬದಿಯೇ ಅಪಾಯ, ಒಳಮೈಯಲ್ಲಿ ನಡೆಯುವವರು ಎಕ್ಸ್‌ಪ್ರೆಸ್ ಬಸ್ಸಿನ ಚಾಲಕರಿಗೆ ಕೊನೇ ಗಳಿಗೆಯವರೆಗೆ ಕಾಣುವುದಿಲ್ಲ. ತಿರುವಿಗೆ 50 ಮೀಟರ್ ಮೊದಲೇ ಎಡಕ್ಕೆ ದಾಟಿ, ತಿರುವು ಮುಗಿದ ಮೇಲೆ ಬಲಕ್ಕೆ ಬನ್ನಿ. ಡಾಮರು ರಸ್ತೆ ನಡುವಲ್ಲಿ ಎತ್ತರ, ಅಂಚಿಗೆ ಇಳಿಜಾರು. ಒಂದೇ ಅಂಚಿನಲ್ಲಿ ಗಂಟೆಗಟ್ಟಲೆ ಹೋದರೆ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಮೊಣಕಾಲಿನ ಹೊರಬದಿಯ ನೋವು ಶುರುವಾಗುವುದು ಅಲ್ಲಿಂದ. ಅಂಚಿನ ಮಣ್ಣು ಸಮ ಇದ್ದಲ್ಲಿ ಅದರ ಮೇಲೇ ನಡೆಯಿರಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಚರಳು ಇದ್ದಲ್ಲಿ ಮಾತ್ರ ಬೇಡ, ಅದು ಗಾಲಿಯ ಹಾಗೆ ಪಾದದಡಿ ಜಾರುತ್ತದೆ.

ಸಾಣೂರಿನಿಂದ ಮೂಡುಬಿದಿರೆ ಕಡೆಗೆ ರಾಷ್ಟ್ರೀಯ ಹೆದ್ದಾರಿ 169. ಚತುಷ್ಪಥ ಕಾಮಗಾರಿ ನಡೆದ ದಾರಿ ಅದು, ಎಲ್ಲಿ ಅಂಚು ಉಂಟು, ಎಲ್ಲಿ ಇಲ್ಲ ಅಂತ ನಡಿಗೆಗೆ ಒಂದು ವಾರ ಇರುವಾಗ ಬೈಕಿನಲ್ಲಿ ಹೋಗಿ ನೋಡಿ. ಆಗಲೇ ಮೀಟರ್ ನೋಡಿ ಕಿ.ಮೀ. ಕೂಡ ಬರೆದುಕೊಳ್ಳಿ. ಜನವರಿಯಲ್ಲಿ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಆಮೇಲೆ ಆರಾರು ಜನರ ಗುಂಪು, ಎಲ್ಲರಿಗೂ ಮಿಂಚುವ ಪಟ್ಟಿಯ ಜಾಕೆಟ್, ಗುಂಪಿನ ಮುಂದಿನವರಿಗೆ ಹೆಡ್‌ಲ್ಯಾಂಪ್, ಹಿಂದಿನವರ ಬೆನ್ನಿಗೆ ಕೆಂಪು ದೀಪ.

ಒಂದು ಓಮ್ನಿ ಸಾಕಾಗುವುದಿಲ್ಲ ಮಾರಾಯ್ರೆ. 40 ಜನರಲ್ಲಿ ಮುಂದಿನವರಿಗೂ ಹಿಂದಿನವರಿಗೂ ಮಧ್ಯಾಹ್ನದ ಹೊತ್ತಿಗೆ 6-7 ಕಿ.ಮೀ. ಅಂತರ ಬೀಳುತ್ತದೆ. ಒಂದು ವಾಹನ ಮುಂದೆ ಹೋಗಿ 5 ಕಿ.ಮೀ.ಗೊಮ್ಮೆ ನೀರು ಇಟ್ಟುಕೊಂಡು ನಿಲ್ಲಬೇಕು, ಇನ್ನೊಂದು ಕಡೆಯವರ ಹಿಂದೆ ಇರಬೇಕು. ಮೂರನೆಯದು ಖಾಲಿ ಇರಲಿ, ಯಾರನ್ನಾದರೂ ಆಸ್ಪತ್ರೆಗೆ ಒಯ್ಯಲಿಕ್ಕೆ.

ಆರೈಕೆಯವಳು ಉತ್ತರ:

ಸಮಯದ ವಿಷಯದಲ್ಲಿ ಮುರಕಲ್ಲು ಹೇಳಿದ್ದು ಸರಿ. ನಾನು ನೀರು ಮತ್ತು ಪಾದದ ಬಗ್ಗೆ ಬರೆಯುತ್ತೇನೆ. ದೂರದ ನಡಿಗೆ ಬಿಟ್ಟುಹೋಗುವವರಲ್ಲಿ ಹೆಚ್ಚಿನವರಿಗೆ ಕಾಲಿನ ಶಕ್ತಿ ಇನ್ನೂ ಇರುತ್ತದೆ, ಚರ್ಮ ಕೈಕೊಟ್ಟಿರುತ್ತದೆ.

ಬೊಕ್ಕೆ (ನೀರು ತುಂಬಿದ ಗುಳ್ಳೆ) ಏಳಲಿಕ್ಕೆ ಬಿಸಿ, ತೇವ, ಉಜ್ಜಾಟ ಮೂರೂ ಬೇಕು. ಮೂರರಲ್ಲಿ ಒಂದನ್ನು ಕಡಿಮೆ ಮಾಡಿದರೂ ಅರ್ಧ ಗೆದ್ದ ಹಾಗೆ. ಶೂ ದಿನನಿತ್ಯದ ಅಳತೆಗಿಂತ ಅರ್ಧ ಸೈಜ್ ದೊಡ್ಡದಿರಲಿ. ಸಂಜೆ ಹೊತ್ತು ಅಂಗಡಿಗೆ ಹೋಗಿ ಕೊಳ್ಳಿ, ಪಾದ ಊದಿರುವ ಹೊತ್ತು ಅದು. ಹೊಸ ಶೂ ಹಾಕಿ ಬರುವುದೇ ಬೇಡ, 100 ಕಿ.ಮೀ. ಆದರೂ ಅದರಲ್ಲಿ ನಡೆದಿರಬೇಕು. ಹತ್ತಿ ಸಾಕ್ಸ್ ಬೇಡ. ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಬೇಗ ಒಣಗುವ ನೈಲಾನ್ ಅಥವಾ ಪಾಲಿಯೆಸ್ಟರ್ ಕ್ರೀಡಾ ಸಾಕ್ಸ್ ನಾಲ್ಕು ಜೊತೆ ಇರಲಿ: ಹಿರಿಯಡ್ಕ, ಕಾರ್ಕಳ, ಮೂಡುಬಿದಿರೆಯಲ್ಲಿ ಬದಲಿಸಲು. ಉಗುರು ನಾಲ್ಕು ದಿನ ಮೊದಲೇ ಕತ್ತರಿಸಿ, ಹಿಂದಿನ ರಾತ್ರಿ ಬೇಡ. ಹೊಸದಾಗಿ ಕತ್ತರಿಸಿದ ಅಂಚು ಪಕ್ಕದ ಬೆರಳನ್ನು ಕೊರೆಯುತ್ತದೆ.

ತೊಡೆಸಂದು, ಕಂಕುಳಿಗೆ ಹಲವರು ತೆಂಗಿನೆಣ್ಣೆ ಹಚ್ಚುತ್ತಾರೆ. ಅದನ್ನು ಬಟ್ಟೆ ಒಂದೇ ಗಂಟೆಯಲ್ಲಿ ಹೀರಿಬಿಡುತ್ತದೆ. ವ್ಯಾಸಲೀನ್ ಹೆಚ್ಚು ಹೊತ್ತು ನಿಲ್ಲುತ್ತದೆ. ಪಾದಕ್ಕೆ ಪೌಡರ್ ಬೇಡ, ಬೆವರಿಗೆ ಗಂಟುಕಟ್ಟಿ ಮರಳಿನ ಹಾಗೆ ಉಜ್ಜುತ್ತದೆ.

ಹಿಮ್ಮಡಿ ಅಥವಾ ಬೆರಳಿನ ಬುಡದಲ್ಲಿ ಬಿಸಿ ಚುರುಗುಟ್ಟಲು ಶುರುವಾದ ಕೂಡಲೇ ನಿಲ್ಲಿ. ಮುಂದಿನ ನೀರಿನ ಜಾಗದವರೆಗೆ ತಳ್ಳಬೇಡಿ. ಆ ಜಾಗ ಕೆಂಪಾಗಿರುತ್ತದೆ ಅಷ್ಟೆ, ಇನ್ನೂ ಬೊಕ್ಕೆ ಇಲ್ಲ. ಸ್ಪಿರಿಟ್ ಹಾಕಿ ಒರಸಿ, ಒಂದು ನಿಮಿಷ ಪೂರ್ತಿ ಆರಲು ಬಿಡಿ. ಔಷಧಿ ಅಂಗಡಿಯ ಪೇಪರ್ ಟೇಪ್ ತೆಗೆದು ನಾಲ್ಕು ಮೂಲೆಯನ್ನೂ ಗುಂಡಗೆ ಕತ್ತರಿಸಿ. ಚೌಕ ಮೂಲೆ ಸಾಕ್ಸಿಗೆ ಸಿಕ್ಕಿ ಸುರುಳಿ ಸುತ್ತಿಕೊಳ್ಳುತ್ತದೆ. ಕೆಂಪು ಜಾಗಕ್ಕಿಂತ ಸುತ್ತಲೂ ಒಂದು ಬೆರಳಗಲ ಹೆಚ್ಚಿರಲಿ. ಒಂದೂ ಸುಕ್ಕಿಲ್ಲದ ಹಾಗೆ ಅಂಟಿಸಿ, ಅಂಗೈ ಒತ್ತಿ ಹಿಡಿದು ಬಿಸಿ ಮಾಡಿ. ಇಷ್ಟಕ್ಕೆ ಐದು ನಿಮಿಷ. ಮಾಡದಿದ್ದರೆ ಐದು ಕಿ.ಮೀ. ಒಳಗೆ ನೀರು ತುಂಬುತ್ತದೆ.

ಚಿಕ್ಕ ಬೊಕ್ಕೆಯನ್ನು ಚುಚ್ಚಬೇಡಿ, ಮುಚ್ಚಿದರೆ ಸಾಕು. ದೊಡ್ಡದಾಗಿ, ಬಿಗಿಯಾಗಿ, ಹೆಜ್ಜೆ ಇಡಲಿಕ್ಕೇ ಆಗದಿದ್ದರೆ ಮಾತ್ರ: ಹೊಸ ಸಿರಿಂಜಿನ ಸೂಜಿ, ಬೊಕ್ಕೆಯ ಅಂಚಿನಲ್ಲಿ ಕೆಳಬದಿಗೆ ಎರಡು ತೂತು, ಹತ್ತಿಯಿಂದ ಮೆಲ್ಲ ಒತ್ತಿ ನೀರು ಇಳಿಸಿ. ಮೇಲಿನ ಚರ್ಮ ಕೀಳಬಾರದು, ಅದೇ ಗಾಯದ ಮುಚ್ಚಳ. ಪೊವಿಡೋನ್ ಅಯೋಡಿನ್ ಹಚ್ಚಿ, ಗಾಜ್ ಇಟ್ಟು ಟೇಪ್. ರಕ್ತ ತುಂಬಿದ್ದರೆ ಚುಚ್ಚಬೇಡಿ. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ದಾರಿಯಲ್ಲಿ ಸೂಜಿ ಮುಟ್ಟಿಸಲೇಬಾರದು, ಅವರಿಗೆ ಅಲ್ಲಿಗೆ ನಡಿಗೆ ಮುಗಿಯಿತು. ಕಾರ್ಕಳದಲ್ಲಿ ಎಲ್ಲರೂ ಶೂ ಬಿಚ್ಚಿ, ಕಾಲು ತೊಳೆದು, ಒರಸಿ, ಗೋಡೆಗೆ ಕಾಲು ಎತ್ತರಿಸಿ ಮಲಗಲಿ. ಬಕೆಟ್‌ನಲ್ಲಿ ಕಾಲು ನೆನೆ ಹಾಕುವುದು ಮಾತ್ರ ಬೇಡ, ನೆನೆದ ಚರ್ಮ ಸಂಜೆ ಸಿಪ್ಪೆಯ ಹಾಗೆ ಏಳುತ್ತದೆ.

ಇನ್ನು ನೀರು. ಒಬ್ಬರಿಗೆ ಗಂಟೆಗೆ ಸರಾಸರಿ ಅರ್ಧ ಲೀಟರ್ ಹಿಡಿಯಿರಿ, ಬಿಸಿಲಲ್ಲಿ ಮುಕ್ಕಾಲು, ಜಾವದಲ್ಲಿ ಕಡಿಮೆ. 40 ಜನ, ಸುಮಾರು ಹದಿನೇಳೂವರೆ ಗಂಟೆ ನಡಿಗೆ: 350 ಲೀಟರ್, ಅಂದರೆ 20 ಲೀಟರಿನ 18 ಕ್ಯಾನ್. ಕೈಕಾಲು ತೊಳೆಯಲು, ತಲೆಗೆ ಸುರಿಯಲು ಸೇರಿಸಿ 24 ತನ್ನಿ.

ಬರೇ ನೀರನ್ನೇ ಕುಡಿಯುತ್ತಾ ಹೋಗುವುದು ಕೂಡ ಅಪಾಯ. ಬೆವರಲ್ಲಿ ಉಪ್ಪು ಹೋಗುತ್ತದೆ, ಮೇಲಿನಿಂದ ಬರೇ ನೀರು ಸುರಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಬೆರಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಮಾತು ಗೊಂದಲ ಆಗುವುದು ಇದರ ಲಕ್ಷಣ. ಆಗ ಸುಸ್ತು ಅಂತ ತಿಳಿದು ಇನ್ನಷ್ಟು ನೀರು ಕುಡಿಸಿದರೆ ಕೈಮೀರುತ್ತದೆ, ನೇರ ಆಸ್ಪತ್ರೆಗೆ ಒಯ್ಯಿರಿ. ತಪ್ಪಿಸಲು: ಮೂರು ಲೀಟರಿನಲ್ಲಿ ಒಂದು ಲೀಟರ್ ಓಆರ್‌ಎಸ್ (ಉಪ್ಪು-ಸಕ್ಕರೆಯ ಪುಡಿ ಕಲಸಿದ ನೀರು) ಆಗಿರಲಿ, ಒಟ್ಟು 150 ಪ್ಯಾಕೆಟ್ ಇಟ್ಟುಕೊಳ್ಳಿ. ದೊಡ್ಡ ಪ್ಯಾಕೆಟ್ 20.5 ಗ್ರಾಂ, ಅದಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಅರ್ಧ ಲೀಟರ್ ಬಾಟಲಿಗೆ ಇಡೀ ಪ್ಯಾಕೆಟ್ ಸುರಿಯುವುದು ಎಲ್ಲರೂ ಮಾಡುವ ತಪ್ಪು, ಹೊಟ್ಟೆ ತೊಳೆಸುವುದು ಅದರಿಂದಲೇ. ಲೋಟದ ಅಳತೆಯ ಚಿಕ್ಕ ಪ್ಯಾಕೆಟ್ ಕೂಡ ಬರುತ್ತದೆ, ಓದಿ ನೋಡಿ ಹಾಕಿ. ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಇದರ ಬದಲಿಗೆ ಆಗುವುದಿಲ್ಲ.

ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಅದೊಂದನ್ನೇ ನಂಬಬೇಡಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಕಾರ್ಕಳದ ಊಟಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಒಂದು ಪಲ್ಯ. ನೀರು, ಉಪ್ಪು, ಅನ್ನ ಮೂರೂ ಒಂದೇ ಬಟ್ಟಲಲ್ಲಿ ಸಿಗುತ್ತದೆ. ಹೊಟ್ಟೆಗೂ ಹಗುರ. ಬಿರಿಯಾನಿ, ಗೋಳಿಬಜೆ ವೇಣೂರಿಗೆ ತಲುಪಿದ ಮೇಲೆ ಆಗಲಿ. ದಾರಿಗೆ ಕದಳಿ ಬಾಳೆಹಣ್ಣು, ನೆಲಗಡಲೆ ಚಿಕ್ಕಿ, ಬೆಲ್ಲ. ಹಸಿವಾಗುವ ಮೊದಲೇ, ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ.

ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗಲು ಯಾರಿಗೂ ಬಿಡಬೇಡಿ. ಮೈಯಲ್ಲಿ ನೀರು ಕಡಿಮೆ ಇರುವಾಗ ಅವು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ಡಯಾಲಿಸಿಸ್ ರೋಗಿಗಳಿಗಾಗಿ ನಡೆಯುವವರು ಇದನ್ನು ಮೊದಲು ತಿಳಿದಿರಬೇಕು.

ಬಿಸಿಲಿಗೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ, ಓಲಾಡಿದರೆ 108ಕ್ಕೆ ಕರೆ ಮಾಡಿ, ಅದು ಬರುವ ತನಕ ಕಾಯದೆ ನೆರಳಿಗೆ ಹಾಕಿ ಇಡೀ ಮೈಗೆ ನೀರು ಸುರಿದು ಗಾಳಿ ಬೀಸಿ, ಕಂಕುಳಿಗೆ, ಕುತ್ತಿಗೆಗೆ ಐಸ್ ಇಡಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು. ಬೆವರುತ್ತಾ ಇದ್ದಾರೆ, ಹಾಗಾಗಿ ಏನಿಲ್ಲ ಅಂತ ಭಾವಿಸಬೇಡಿ.

ಪಡುಗಾಳಿ:

ಇಬ್ಬರಿಗೂ ತುಂಬಾ ಉಪಕಾರ. ಸಮಯ ಬದಲಿಸುತ್ತೇವೆ. ಇನ್ನು ಮೂರು ಪ್ರಶ್ನೆ. ಪೊಲೀಸ್ ಅನುಮತಿ ಉಡುಪಿಯಲ್ಲಿ ತೆಗೆದುಕೊಂಡರೆ ಸಾಕಾ? ದುಬೈ, ಕುವೈತ್‌ನಲ್ಲಿರುವ ನಮ್ಮವರು ಹಣ ಕಳಿಸುತ್ತೇವೆ ಅಂತಿದ್ದಾರೆ, ನನ್ನ ಗೂಗಲ್ ಪೇಗೆ ಹಾಕಿಸಿಕೊಂಡು ಒಟ್ಟಿಗೆ ಟ್ರಸ್ಟಿಗೆ ಕೊಡಬಹುದಾ? 12 ವಾರದಲ್ಲಿ ಅಭ್ಯಾಸ ಹೇಗೆ?

ಲೆಕ್ಕದ ಪುಸ್ತಕ ಉತ್ತರ:

ಗೂಗಲ್ ಪೇ ವಿಷಯ ಮೊದಲು: ಬೇಡ. ನಿಮ್ಮ ಖಾತೆಗೆ ಬಂದ ಹಣ ಕಾನೂನಿನ ಕಣ್ಣಿಗೆ ನಿಮ್ಮದೇ ಅಂತ ಕಾಣಬಹುದು. ದಾನಿಗೆ ಆದಾಯ ತೆರಿಗೆ ವಿನಾಯಿತಿಯ ರಸೀದಿ (80ಜಿ ಅಂತ ಕರೆಯುವುದು) ಸಿಗುವುದಿಲ್ಲ, ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ನಿಮ್ಮ ಹೆಸರೇ ಹಾಳಾಗುತ್ತದೆ. ಟ್ರಸ್ಟಿನ ಖಾತೆಯ ಕ್ಯೂಆರ್ ಮುದ್ರಿಸಿ ಎಲ್ಲರಿಗೂ ಅದನ್ನೇ ಕೊಡಿ. ಪ್ರತಿ ದಾನಿಯ ಹೆಸರು, ವಿಳಾಸ, ಪ್ಯಾನ್ ಅದೇ ದಿನ ಬರೆದುಕೊಳ್ಳಿ. ಟ್ರಸ್ಟ್ ಅದನ್ನು ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು, ಆಗಲೇ ದಾನಿಗೆ ದಾನದ ಪ್ರಮಾಣಪತ್ರ ಸಿಗುವುದು. ಪ್ಯಾನ್ ಇಲ್ಲದೆ ಬಂದ ನೂರಾರು ಸಣ್ಣ ಮೊತ್ತವನ್ನು ಏಪ್ರಿಲಿನಲ್ಲಿ ಹುಡುಕುವುದು ಮಹಾ ಕಷ್ಟ. ನಗದು 2,000 ರೂ. ಮೀರಿದರೆ 80ಜಿ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ, ಅದನ್ನು ಮೊದಲೇ ಹೇಳಿಬಿಡಿ. ಮತ್ತೆ, ಟ್ರಸ್ಟಿನ 80ಜಿ ನೋಂದಣಿ ಚಾಲ್ತಿಯಲ್ಲಿ ಉಂಟಾ ಅಂತ ಪತ್ರ ಕೈಯಲ್ಲಿ ಹಿಡಿದು ನೋಡಿ, ಬಾಯಿಮಾತು ನಂಬಬೇಡಿ.

ಗಲ್ಫಿನ ಹಣ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅವರ ಪಾಸ್‌ಪೋರ್ಟ್ ಪ್ರತಿ ತೆಗೆದಿಡಿ. ಬೇರೆ ದೇಶದ ಪೌರತ್ವ ಪಡೆದವರದ್ದು, ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಮುಟ್ಟುವ ಹಾಗಿಲ್ಲ. ಕಂಪನಿಗಳು ಸಮಾಜದ ಕೆಲಸಕ್ಕೆ ಇಡುವ ಸಿಎಸ್‌ಆರ್ ಹಣಕ್ಕೆ ಟ್ರಸ್ಟ್ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು.

500 ರೂ. ಪ್ರವೇಶ ಶುಲ್ಕವನ್ನು ದಾನ ಅಂತ ಬರೆಯಬೇಡಿ. ಅದಕ್ಕೆ ಬದಲಾಗಿ ಅನ್ನ, ನೀರು, ಟೀ-ಶರ್ಟ್ ಕೊಡುತ್ತೀರಿ. ಅದು ಬೇರೆ ಲೆಕ್ಕ, ಖರ್ಚಿಗೆ. ದಾನದ ಹಣದಿಂದ ಒಂದು ಬಾಳೆಹಣ್ಣು ಕೂಡ ಬರಬಾರದು. ಮೂರು ವಾಹನ, ಹಾಲ್, ಜಾಕೆಟ್, ವಿಮೆ ಎಲ್ಲ ಸೇರಿಸಿದರೆ ತಲೆಗೆ 500 ಸಾಕಾಗುವುದು ಕಷ್ಟ. ಟೀ-ಶರ್ಟ್ ಬಿಟ್ಟು ಆ ದುಡ್ಡಲ್ಲಿ ಮಿಂಚುವ ಜಾಕೆಟ್ ತೆಗೆಯಿರಿ, ಟೀ-ಶರ್ಟಿನಿಂದ ಯಾರ ಪ್ರಾಣವೂ ಉಳಿಯುವುದಿಲ್ಲ. ಕಿ.ಮೀ.ಗೆ ಇಷ್ಟು ಅಂತ ಮಾತು ಕೊಟ್ಟವರಿಂದ ನಡಿಗೆಗೆ ಮೊದಲೇ ಹಣ ತೆಗೆದುಕೊಳ್ಳಿ. ಆಮೇಲೆ ನೆನಪಿಸುತ್ತಾ ಹೋದರೆ ಒಂದಷ್ಟು ಬರುವುದೇ ಇಲ್ಲ. ಅದಕ್ಕಿಂತ, ಮುಗಿಸಿದರೂ ಅರ್ಧಕ್ಕೆ ಬಿಟ್ಟರೂ ಇಷ್ಟೇ ಅಂತ ಒಂದೇ ಮೊತ್ತ ಇಟ್ಟರೆ ಕಾಲು ಕೆಟ್ಟವರು ಹಣಕ್ಕಾಗಿ ಹಠಕ್ಕೆ ಬೀಳುವುದು ತಪ್ಪುತ್ತದೆ.

ಮುರಕಲ್ಲು ಉತ್ತರ:

ಅನುಮತಿ ಮೂರು ಕಡೆ ಬೇಕು. ಕಾರ್ಕಳದ ತನಕ ಉಡುಪಿ ಜಿಲ್ಲಾ ಎಸ್‌ಪಿ. ಮೂಡುಬಿದಿರೆ ಠಾಣೆ ಮಂಗಳೂರು ನಗರ ಪೊಲೀಸ್ ಕಮಿಷನರ್ ವ್ಯಾಪ್ತಿಗೆ ಬರುತ್ತದೆ, ವೇಣೂರು ಠಾಣೆ ದಕ್ಷಿಣ ಕನ್ನಡ ಎಸ್‌ಪಿಗೆ. ಹೆಚ್ಚಿನವರು ತಪ್ಪುವುದು ನಡುವಿನದ್ದನ್ನು. ಒಂದೇ ಅರ್ಜಿ ಬರೆದು ಯಾವ ಊರನ್ನು ಎಷ್ಟು ಗಂಟೆಗೆ ದಾಟುತ್ತೀರಿ, ಎಷ್ಟು ಜನ, ವಾಹನಗಳ ನಂಬರ್, ಇಬ್ಬರ ಮೊಬೈಲ್ ಸೇರಿಸಿ ಮೂರು ಕಚೇರಿಗೂ ಕೊಡಿ, ಪ್ರತಿಯನ್ನು ಮಣಿಪಾಲ, ಹಿರಿಯಡ್ಕ, ಕಾರ್ಕಳ, ಮೂಡುಬಿದಿರೆ, ವೇಣೂರು ಠಾಣೆಗೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ.

ಚೆಂಡೆ ಜಾವ 2.30ಕ್ಕೆ ಆಗುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ, ವಾದ್ಯ ಎರಡಕ್ಕೂ ನಿರ್ಬಂಧ ಉಂಟು. ಅದನ್ನು ವೇಣೂರಿನಲ್ಲಿ ಸ್ವಾಗತಕ್ಕೆ ಇಡಿ, ಭಾನುವಾರ ಹತ್ತೂವರೆಗೆ ಜನವೂ ಸೇರುತ್ತಾರೆ.

ಹಾಲ್‌ಗಳನ್ನು ಈ ವಾರವೇ ಕೇಳಿ. ಜನವರಿ ಶನಿವಾರ-ಭಾನುವಾರ ಅಂದರೆ ಮದುವೆ, ನೇಮ (ದೈವಾರಾಧನೆ), ಆಟ (ಯಕ್ಷಗಾನ), ಕಂಬಳ (ಕೋಣಗಳ ಓಟ) ಎಲ್ಲ ಒಟ್ಟಿಗೆ ಬರುತ್ತದೆ. ಹಾಲ್ ಸಿಗದಿದ್ದರೆ ಶಾಲೆ, ಆದರೆ ಫ್ಯಾನ್ ಮತ್ತು ಹೆಂಗಸರಿಗೆ ಬೇರೆ ಶೌಚಾಲಯ ಇರಲೇಬೇಕು. ಹಾಗೆಯೇ ದಾರಿಯ ಹತ್ತಿರ ಆ ರಾತ್ರಿ ಕಂಬಳ ಉಂಟಾ ಅಂತ ನೋಡಿ. ಇದ್ದರೆ ವಾರ ಬದಲಿಸುವುದೇ ಒಳ್ಳೆಯದು, ಬೆಳಗಿನವರೆಗೆ ರಸ್ತೆ ತುಂಬ ವಾಹನ ಇರುತ್ತದೆ.

ಕಾರ್ಕಳದ ಬೆಟ್ಟ ಹತ್ತಿ ಬಾಹುಬಲಿ ನೋಡಿ ಬರೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಂಡೆಯ ಮೆಟ್ಟಿಲು ಇಳಿಯುವಾಗ ತೊಡೆಯ ಸ್ನಾಯು ನಡುಗಲು ಶುರುವಾದರೆ ಸಂಜೆಯ 18 ಕಿ.ಮೀ. ಮುಗಿಯುವುದಿಲ್ಲ. ವೇಣೂರಿನಲ್ಲಿ ಬೆಟ್ಟ ಹತ್ತುವ ಕೆಲಸ ಇಲ್ಲ, ಫಲ್ಗುಣಿ ನದಿಯ ದಡದಲ್ಲೇ ಇದ್ದಾನೆ.

ದೂರದ ಹೆಜ್ಜೆ ಉತ್ತರ:

ಅಭ್ಯಾಸದ ಬಗ್ಗೆ ಚಿಕ್ಕದಾಗಿ. ವಾರದಲ್ಲಿ ಮೂರು ದಿನ 6-8 ಕಿ.ಮೀ. ಈಗಿನ ಹಾಗೆಯೇ ಇರಲಿ. ಭಾನುವಾರದ್ದು ಮಾತ್ರ ಉದ್ದ ಮಾಡುತ್ತಾ ಹೋಗಿ: 12, 15, 18, ನಾಲ್ಕನೇ ವಾರ 14ಕ್ಕೆ ಇಳಿಸಿ. ಮತ್ತೆ 21, 24, 28, ಎಂಟನೇ ವಾರ 18. ಒಂಬತ್ತನೆಯ ವಾರ 32, ಹತ್ತನೆಯ ವಾರ 38. ಹನ್ನೊಂದಕ್ಕೆ 16, ಕೊನೆಯ ವಾರ ಬರೇ ಕಾಲಾಡಿಸುವಷ್ಟು. ಇಳಿಸುವ ವಾರಗಳನ್ನು ಬಿಡಬೇಡಿ, ಹಿಮ್ಮಡಿ ಮತ್ತು ಮೊಣಕಾಲಿನ ಕೆಳಗಿನ ಎಲುಬಿನ ನೋವು ಬರುವುದು ಅವನ್ನು ಬಿಟ್ಟವರಿಗೆ. 32ರ ವಾರ ಶನಿವಾರ ಸಂಜೆ 12 ನಡೆದು, ಭಾನುವಾರ ಜಾವ ಎದ್ದು 32 ನಡೆಯಿರಿ. ಸೋತ ಕಾಲಲ್ಲಿ ಮರುದಿನ ಎದ್ದು ಹೊರಡುವುದು ಹೇಗೆ ಅಂತ ದೇಹಕ್ಕೆ ತಿಳಿಯಬೇಕು, ಮೂಡುಬಿದಿರೆಯಲ್ಲಿ ಬೇಕಾಗುವುದು ಅದೇ. 38ರ ನಡಿಗೆಯನ್ನು ಉಡುಪಿ-ಕಾರ್ಕಳ ದಾರಿಯಲ್ಲೇ, ಅದೇ 2.30ಕ್ಕೆ, ಅದೇ ಶೂ, ಅದೇ ಓಆರ್‌ಎಸ್, ಅದೇ ತಿಂಡಿಯಲ್ಲಿ ಮಾಡಿ. ಅದನ್ನು ಮುಗಿಸದವರು ಪೂರ್ತಿ ನಡಿಗೆಗೆ ಬೇಡ, ಮೂಡುಬಿದಿರೆಯಿಂದ ವೇಣೂರಿಗೆ 20 ಕಿ.ಮೀ. ಸೇರಿಕೊಳ್ಳಲಿ. ನೀರಿನ ಜಾಗದಲ್ಲಿ ನಿಲ್ಲಲಿಕ್ಕೂ ಜನ ಬೇಕಲ್ಲ.

50 ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಈಗಲೇ ವೈದ್ಯರಿಗೆ ತೋರಿಸಿ ಬರಲಿ. ಡಿಸೆಂಬರಿನಲ್ಲಿ ಅಲ್ಲ.

ಪಡುಗಾಳಿ:

ಎಲ್ಲ ಬರೆದುಕೊಂಡೆ. ನಾಳೆಯೇ ಕಾರ್ಕಳದ ಹಾಲ್ ಕೇಳುತ್ತೇನೆ. ಒಂದು ಉಳಿಯಿತು: ಬರುವಾಗ ಹೇಗೆ? ಕೆಲವರು ಹಿಂದಿನ ದಿನವೇ ವೇಣೂರಿನಲ್ಲಿ ಬೈಕ್ ಇಟ್ಟು ಬರುತ್ತೇವೆ ಅಂತಿದ್ದಾರೆ.

ಆರೈಕೆಯವಳು ಉತ್ತರ:

ಬೈಕ್ ಬೇಡವೇ ಬೇಡ. ಎರಡು ದಿನ ನಡೆದು, ಅರೆಬರೆ ನಿದ್ದೆ ಮಾಡಿದವರಿಗೆ ಕುಳಿತ ಹತ್ತೇ ನಿಮಿಷದಲ್ಲಿ ಕಣ್ಣು ಎಳೆಯುತ್ತದೆ. ಬ್ರೇಕ್ ಒತ್ತುವ ಕಾಲಿಗೆ ಸೆಳೆತ ಬರುತ್ತದೆ. ಒಂದು ಬಸ್ ಗೊತ್ತು ಮಾಡಿ, ಚಾಲಕರು ನಡೆದವರಲ್ಲಿ ಒಬ್ಬರಾಗಿರಬಾರದು. ಬಸ್ಸಿಗೆ ಎರಡು ಕ್ಯಾನ್ ನೀರು, ಉಳಿದ ಓಆರ್‌ಎಸ್, ವಾಂತಿಗೆ ನಾಲ್ಕು ಕವರ್ ಹಾಕಿ. ಹತ್ತುವಾಗ ಹೆಸರಿನ ಪಟ್ಟಿ ಹಿಡಿದು 40 ಎಣಿಸಿ. ದಾರಿಯಲ್ಲಿ ವಾಹನ ಹತ್ತಿ ಮನೆಗೆ ಹೋದವರ ಹೆಸರಿನ ಮುಂದೆ ಸಮಯ ಬರೆದಿರಬೇಕು. ಇಲ್ಲದಿದ್ದರೆ ಇಲ್ಲದವರನ್ನು ಹುಡುಕುತ್ತಾ ಮೂಡುಬಿದಿರೆ ತನಕ ವಾಪಸ್ ಹೋಗಬೇಕಾಗುತ್ತದೆ.